ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ (1903–1988): ಜೀವನ ಮತ್ತು ಸಾಧನೆ

ಪೀಠಿಕೆ

ಕರಕುಶಲಕರ್ಮಿಗಳು ಸರ್ಕಾರದ ಸೌಲಭ್ಯ ಕೋರಿ ಸಲ್ಲಿಸುವ ಅರ್ಜಿಯಲ್ಲಿ ತಮ್ಮ ಕಸುಬಿನ ಹೆಸರನ್ನು ನಮೂದಿಸಲು ಒಂದು ಅಂಕಣವಿರುತ್ತದೆ. ಮರದ ಕೆತ್ತನೆ, ಕುಂಬಾರಿಕೆ, ಬೆತ್ತದ ಹೆಣಿಗೆ, ಕಸೂತಿ ಮುಂತಾದ ಪದಗಳನ್ನು ಅರ್ಜಿದಾರರು ಅಲ್ಲಿ ಬರೆಯುತ್ತಾರೆ. ನೋಡಲು ಇದು ಅತಿ ಸಾಮಾನ್ಯವಾದ ಅಂಕಣ. ಆದರೆ ಕೈಕಸುಬು ಮಾಡುವವರನ್ನು ಸರ್ಕಾರ ಹೆಸರಿಡಿದು ಗುರುತಿಸಬೇಕು, ಅವರ ಕೆಲಸವನ್ನು ಗೌರವದ ವೃತ್ತಿಯೆಂದು ಪರಿಗಣಿಸಬೇಕು ಎಂಬ ವಿಚಾರ ತಾನಾಗಿಯೇ ಬಂದುದಲ್ಲ. ಅದಕ್ಕಾಗಿ ದಶಕಗಳ ಕಾಲ ಶ್ರಮಿಸಿದವರಲ್ಲಿ ಅಗ್ರಗಣ್ಯರು ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರು.

ಸ್ವಾತಂತ್ರ್ಯ ಹೋರಾಟಗಾರ್ತಿಯಾಗಿ ಹಾಗೂ ಕರಕುಶಲ ಕಲೆಗಳ ಪುನರುಜ್ಜೀವನದ ರೂವಾರಿಯಾಗಿ ಅವರು ದೇಶಕ್ಕೆಲ್ಲ ಪರಿಚಿತರು. ಅವರು ಮೂಕಚಿತ್ರದಲ್ಲಿ ಅಭಿನಯಿಸಿದ ನಟಿಯೂ ಆಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಜೀವನವನ್ನು ಸಮಗ್ರವಾಗಿ ಅವಲೋಕಿಸಿದಾಗ, ತೆರೆಯ ಮೇಲಿನ ಆ ಅಲ್ಪಾವಧಿಯ ಅಭಿನಯವೂ ಮುಂದಿನ ಐವತ್ತು ವರ್ಷಗಳ ಸೇವೆಯೂ ಒಂದೇ ನಂಬಿಕೆಯಿಂದ ಮೂಡಿದವೆಂಬುದು ಸ್ಪಷ್ಟವಾಗುತ್ತದೆ. ಸಮಾಜ ಕೀಳೆಂದು ಬದಿಗಿಟ್ಟ ಕೆಲಸವನ್ನು ಸ್ವತಃ ಮಾಡಿ ತೋರಿಸಿ, ಅದಕ್ಕೆ ಸಲ್ಲಬೇಕಾದ ಮಾನ್ಯತೆಯನ್ನು ದೊರಕಿಸುವುದೇ ಆ ನಂಬಿಕೆ.

ಸಂಕ್ಷಿಪ್ತ ಪರಿಚಯ

ಜನನ: 3 ಏಪ್ರಿಲ್ 1903, ಮಂಗಳೂರು
ತಂದೆ: ಶ್ರೀ ಅನಂತಯ್ಯ ಧಾರೇಶ್ವರ
ತಾಯಿ: ಶ್ರೀಮತಿ ಗಿರಿಜಾಬಾಯಿ
ಕಾರ್ಯಕ್ಷೇತ್ರ: ರಂಗಭೂಮಿ, ಮೂಕಚಿತ್ರ, ಸ್ವಾತಂತ್ರ್ಯ ಹೋರಾಟ, ಮಹಿಳಾ ಸಂಘಟನೆ, ಸಹಕಾರ ಚಳವಳಿ, ಕರಕುಶಲ ಕಲೆ
ನಿಧನ: 29 ಅಕ್ಟೋಬರ್ 1988, ಮುಂಬಯಿ

ಜನನ ಮತ್ತು ಬಾಲ್ಯ

ಕಮಲಾದೇವಿಯವರು ಮಂಗಳೂರಿನ ಪ್ರತಿಷ್ಠಿತ ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯನವರು ಬ್ರಿಟಿಷ್ ಆಡಳಿತದಲ್ಲಿ ಉನ್ನತ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿಯವರು ಓದು ಬರಹ ಬಲ್ಲವರು, ಸ್ವತಂತ್ರ ವಿಚಾರದವರು. ಮಹಿಳೆಯರ ಶಿಕ್ಷಣ ಹಾಗೂ ದೇಶದ ಆಗುಹೋಗುಗಳ ಚರ್ಚೆ ಮನೆಯಲ್ಲಿ ನಡೆಯುತ್ತಿದ್ದುದರಿಂದ ಮಗಳ ಮೇಲೆ ಅದರ ಪ್ರಭಾವ ಎಳವೆಯಲ್ಲಿಯೇ ಆಯಿತು.

ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ನಿಧನರಾದರು. ಅವರು ಮರಣಪತ್ರವನ್ನು ಬರೆದಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಕುಟುಂಬದ ಸಮಸ್ತ ಆಸ್ತಿಯು ತಂದೆಯ ಮೊದಲ ವಿವಾಹದ ಮಗನಿಗೆ ಸೇರಿತು. ಪತ್ನಿಗಾಗಲಿ ಹೆಣ್ಣುಮಕ್ಕಳಿಗಾಗಲಿ ಪಾಲು ಇರಲಿಲ್ಲ. ಗಿರಿಜಾಬಾಯಿಯವರಿಗೆ ಜೀವನಾಂಶವಾಗಿ ಮಾಸಿಕ ಮೊತ್ತವೊಂದನ್ನು ಪಡೆಯಲು ಮಾತ್ರ ಅವಕಾಶವಿತ್ತು. ಅದನ್ನು ಅವರು ನಿರಾಕರಿಸಿ, ತವರಿನಿಂದ ಬಂದಿದ್ದ ಆಸ್ತಿಯ ಆಧಾರದಿಂದಲೇ ಮಕ್ಕಳನ್ನು ಬೆಳೆಸಲು ನಿರ್ಧರಿಸಿದರು. ಬೆಳೆದ ಮನೆಯು ಒಂದೇ ದಿನದಲ್ಲಿ ಪರರದ್ದಾದುದನ್ನು ಬಾಲಕಿ ಕಮಲಾದೇವಿ ಕಣ್ಣಾರೆ ಕಂಡರು. ಅದೇ ಕಾಲಘಟ್ಟದಲ್ಲಿ ಅಕ್ಕ ಸಗುಣಾ ಅವರೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು.

ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂದುದು 1956ರಲ್ಲಿ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ನೀಡುವ ಕರ್ನಾಟಕದ ತಿದ್ದುಪಡಿ 1994ರಲ್ಲಿ ಹಾಗೂ ಕೇಂದ್ರದ ತಿದ್ದುಪಡಿ 2005ರಲ್ಲಿ ಜಾರಿಗೆ ಬಂದವು. ಇಂದು ವಾರಸಾ ಖಾತೆಗಾಗಿ ಹೆಣ್ಣುಮಕ್ಕಳು ಅರ್ಜಿ ಸಲ್ಲಿಸುವುದು ಸಹಜವೆನಿಸಿದರೂ, ಅಂತಹ ಹಕ್ಕಿಲ್ಲದ ಕಾಲದ ನೋವು ಎಂತಹುದೆಂಬುದಕ್ಕೆ ಈ ಕುಟುಂಬದ ಪ್ರಸಂಗವೇ ನಿದರ್ಶನ.

ವಿವಾಹ, ವೈಧವ್ಯ ಮತ್ತು ವಿದ್ಯಾಭ್ಯಾಸ

1917ರಲ್ಲಿ, 14ನೆಯ ವಯಸ್ಸಿನಲ್ಲಿ ಕಮಲಾದೇವಿಯವರ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ಪತಿ ಅಕಾಲ ಮರಣಕ್ಕೆ ತುತ್ತಾದರು. ಬಾಲವಿಧವೆಯರು ಮನೆಯ ಒಳಕೋಣೆಯಲ್ಲಿಯೇ ಬದುಕು ಸವೆಸಬೇಕಾಗಿದ್ದ ದಿನಗಳವು. ಆದರೆ ತಾಯಿಯ ಬೆಂಬಲದಿಂದ ಕಮಲಾದೇವಿಯವರು ಓದನ್ನು ಮುಂದುವರಿಸಿ, ಮದರಾಸಿನ ಕ್ವೀನ್ ಮೇರೀಸ್ ಕಾಲೇಜನ್ನು ಸೇರಿದರು.

ಅಲ್ಲಿ ಅವರಿಗೆ ಶ್ರೀಮತಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಪರಿಚಯವಾಯಿತು. ಅವರ ಮೂಲಕ ಸಹೋದರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಭೇಟಿಯಾಯಿತು. ಹರೀಂದ್ರನಾಥರು ಕವಿ, ನಾಟಕಕಾರ ಹಾಗೂ ನಟ. ಕಲೆಯ ಬಗ್ಗೆ ಇಬ್ಬರಿಗೂ ಇದ್ದ ಆಸಕ್ತಿ ಅವರನ್ನು ಹತ್ತಿರ ತಂದಿತು. ಜಾತಿ ಹಾಗೂ ಪ್ರಾಂತಗಳ ಗಡಿ ದಾಟಿದ ಈ ವಿಧವಾ ವಿವಾಹಕ್ಕೆ ಬಂಧುಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು. ಕಮಲಾದೇವಿಯವರು ಹಿಂಜರಿಯಲಿಲ್ಲ. ನಂತರ ಲಂಡನ್ನಿಗೆ ತೆರಳಿ, ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಡಿಪ್ಲೊಮಾ ವ್ಯಾಸಂಗ ಮಾಡಿದರು. ಈ ದಂಪತಿಗೆ ರಾಮಕೃಷ್ಣ ಎಂಬ ಪುತ್ರನು ಜನಿಸಿದನು. ಮುಂದೆ ಪತಿಪತ್ನಿಯರು ಕಾನೂನುಬದ್ಧವಾಗಿ ಬೇರ್ಪಟ್ಟರು.

ರಂಗಭೂಮಿ ಪ್ರವೇಶ

ಕಮಲಾದೇವಿಯವರು ಪತಿಯೊಡನೆ ರಂಗವನ್ನೇರಿದಾಗ ನಟನೆಯ ಬಗ್ಗೆ ಸಮಾಜದ ದೃಷ್ಟಿ ಹೇಗಿತ್ತೆಂಬುದನ್ನು ಇಲ್ಲಿ ತಿಳಿಸುವುದು ಅವಶ್ಯ. ವೃತ್ತಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಬಹುತೇಕ ಪುರುಷರೇ ನಿರ್ವಹಿಸುತ್ತಿದ್ದರು. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ತಯಾರಿಸಿದ 'ರಾಜಾ ಹರಿಶ್ಚಂದ್ರ' ಚಿತ್ರದ ತಾರಾಮತಿ ಪಾತ್ರಕ್ಕೆ ಮಹಿಳೆಯರು ಯಾರೂ ಒಪ್ಪದಿದ್ದುದರಿಂದ, ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನು ಆ ಪಾತ್ರ ವಹಿಸಬೇಕಾಯಿತು. ಅದೇ ವರ್ಷ ಫಾಲ್ಕೆಯವರ 'ಮೋಹಿನಿ ಭಸ್ಮಾಸುರ' ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಹಾಗೂ ಅವರ ಪುತ್ರಿ ಕಮಲಾಬಾಯಿ ಅಭಿನಯಿಸಿ, ಭಾರತೀಯ ಚಿತ್ರರಂಗದ ಮೊದಲ ನಟಿಯರೆನಿಸಿದರು.

ಕನ್ನಡ ರಂಗಭೂಮಿಯಲ್ಲಿಯೂ ಗುಬ್ಬಿ ವೀರಣ್ಣನವರಂತಹವರು ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ನೀಡಲು ಮುಂದಾದರು. ಆದರೂ ಬಣ್ಣ ಹಚ್ಚುವ ಹೆಣ್ಣನ್ನು ಸಮಾಜ ಗೌರವದಿಂದ ಕಾಣುತ್ತಿರಲಿಲ್ಲ. ಆಕೆಯ ಕಲೆಯನ್ನು ಮೆಚ್ಚಿ ಚಪ್ಪಾಳೆ ತಟ್ಟಿದವರೇ ಆಕೆಯನ್ನು ಮನೆಯ ಶುಭಕಾರ್ಯಗಳಿಂದ ದೂರವಿಡುತ್ತಿದ್ದರು. ಇಂತಹ ಸನ್ನಿವೇಶದಲ್ಲಿ ಉನ್ನತ ಅಧಿಕಾರಿಯ ಪುತ್ರಿ, ವಿದ್ಯಾವಂತೆ, ತನ್ನ ನಿಜನಾಮದಲ್ಲಿಯೇ ರಂಗದ ಮೇಲೆ ಬಂದುದು ಅಂದಿನವರಿಗೆ ದಿಗ್ಭ್ರಮೆ ಉಂಟುಮಾಡಿತು. ಕಮಲಾದೇವಿಯವರು ನಾಟಕವನ್ನು ಹವ್ಯಾಸವೆಂದು ಭಾವಿಸದೆ, ಶಿಸ್ತಿನಿಂದ ಕಲಿಯಬೇಕಾದ ವಿದ್ಯೆಯೆಂದು ಪರಿಗಣಿಸಿದರು. ಕೇರಳದ ಪ್ರಾಚೀನ ಸಂಸ್ಕೃತ ರಂಗಕಲೆಯಾದ ಕೂಡಿಯಾಟ್ಟಂ ಅಭಿನಯವನ್ನು ಅವರು ಗುರು ಮಾಣಿ ಮಾಧವ ಚಾಕ್ಯಾರ್ ಅವರಲ್ಲಿ ಅಭ್ಯಾಸ ಮಾಡಿದರು.

ಮೂಕಚಿತ್ರದಲ್ಲಿ ಅಭಿನಯ

ಉಪ್ಪಿನ ಸತ್ಯಾಗ್ರಹದ ಆಸುಪಾಸಿನ ವರ್ಷಗಳಲ್ಲಿ, ಮೂಕಚಿತ್ರ ಯುಗವು ಮುಕ್ತಾಯದ ಹಂತದಲ್ಲಿದ್ದಾಗ, ನಿರ್ದೇಶಕ ಮೋಹನ್ ದಯಾರಾಮ್ ಭವನಾನಿಯವರು ಶೂದ್ರಕ ಕವಿಯ 'ಮೃಚ್ಛಕಟಿಕ' ನಾಟಕವನ್ನು 'ವಸಂತಸೇನಾ' ಎಂಬ ಹೆಸರಿನಲ್ಲಿ ತೆರೆಗೆ ತಂದರು. ಕನ್ನಡ ನಾಡಿನ ಮೂಕಚಿತ್ರಗಳನ್ನು ಕುರಿತ ಬರಹಗಳಲ್ಲಿ ಈ ಚಿತ್ರಕ್ಕೆ ವಿಶೇಷ ಸ್ಥಾನವಿದೆ. ನಾಯಕಿಯಾಗಿ ಏಣಾಕ್ಷಿ ರಾಮರಾವ್ ಅವರು ಅಭಿನಯಿಸಿದರು. ತಾಜಮಹಲಿನ ಕಥೆಯುಳ್ಳ 1928ರ 'ಶಿರಾಜ್' ಮೂಕಚಿತ್ರದಲ್ಲಿ ಪ್ರಮುಖ ಪಾತ್ರ ವಹಿಸಿದ್ದ ಅವರು ಮುಂದೆ ಭಾರತೀಯ ನೃತ್ಯವನ್ನು ಕುರಿತು ಗ್ರಂಥ ರಚಿಸಿದರು. ಕನ್ನಡದ ಪ್ರಹಸನ ಪಿತಾಮಹರೆಂದು ಖ್ಯಾತರಾದ ಟಿ.ಪಿ. ಕೈಲಾಸಂ ಅವರೂ ಕಮಲಾದೇವಿಯವರೂ ಇದೇ ಚಿತ್ರದಲ್ಲಿ ಪಾತ್ರ ವಹಿಸಿದರು. ಮಾತಿನ ಚಮತ್ಕಾರಕ್ಕೆ ಹೆಸರಾದ ಕೈಲಾಸಂ ಅವರು ಮಾತೇ ಇಲ್ಲದ ಚಿತ್ರದಲ್ಲಿ ಅಭಿನಯಿಸಿದುದು ಒಂದು ವಿಶೇಷ.

ಮೂಕಚಿತ್ರದಲ್ಲಿ ಧ್ವನಿ ಇರುತ್ತಿರಲಿಲ್ಲ. ಕಥೆಯ ಮುಖ್ಯ ಸಂಗತಿಗಳನ್ನು ಹಾಗೂ ಸಂಭಾಷಣೆಯನ್ನು ಅಕ್ಷರಗಳಲ್ಲಿ ಬರೆದ ಫಲಕಗಳು ದೃಶ್ಯಗಳ ನಡುವೆ ತೆರೆಯ ಮೇಲೆ ಮೂಡುತ್ತಿದ್ದವು. ಓದಲು ಬಾರದ ಪ್ರೇಕ್ಷಕರಿಗೆ ಅವುಗಳನ್ನು ಗಟ್ಟಿಯಾಗಿ ಓದಿ ವಿವರಿಸುವವರು ಇರುತ್ತಿದ್ದರು; ಹಾರ್ಮೋನಿಯಂ ಮತ್ತು ತಬಲಾ ನುಡಿಸುವವರು ತೆರೆಯ ಬಳಿ ಕುಳಿತು ಸಂಗೀತ ಒದಗಿಸುತ್ತಿದ್ದರು. ನಟನಟಿಯರು ಕಣ್ಣು, ಹುಬ್ಬು ಹಾಗೂ ಕೈಗಳ ಚಲನೆಯಿಂದಲೇ ಭಾವವನ್ನು ತಿಳಿಸಬೇಕಾಗಿತ್ತು. ಮಾತಿನ ಭಾಷೆ ಅಡ್ಡಬಾರದ ಕಾರಣ ಚಿತ್ರವು ಫಲಕಗಳನ್ನಷ್ಟೇ ಬದಲಾಯಿಸಿಕೊಂಡು ಎಲ್ಲ ಪ್ರಾಂತಗಳಲ್ಲಿಯೂ ಪ್ರದರ್ಶನಗೊಳ್ಳಬಹುದಾಗಿತ್ತು.

ಈ ಚಿತ್ರದ ಕಥಾವಸ್ತುವೂ ಗಮನಾರ್ಹ. ವಸಂತಸೇನೆಯು ಕಲೆಯಲ್ಲಿ ನಿಪುಣೆಯಾದ ಗಣಿಕೆ. ಬಡವನಾದ ಸಜ್ಜನ ಚಾರುದತ್ತನಲ್ಲಿ ಆಕೆಯ ಅನುರಾಗ. ರಾಜನ ಭಾವಮೈದುನನಾದ ಶಕಾರನು ಅಧಿಕಾರದ ಮದದಿಂದ ಆಕೆಯನ್ನು ಪೀಡಿಸುತ್ತಾನೆ. ಆಕೆಯನ್ನು ಕೊಂದನೆಂಬ ಸುಳ್ಳು ಆಪಾದನೆಯನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ಕೊನೆಯಲ್ಲಿ ಸತ್ಯ ಬಯಲಾಗಿ, ಹೊಸ ಅರಸನು ವಸಂತಸೇನೆಗೆ ವಧು ಎಂಬ ಗೌರವದ ಸ್ಥಾನವನ್ನು ಕರುಣಿಸುತ್ತಾನೆ. ಕಲೆಯನ್ನು ಅನುಭವಿಸಿ ಕಲಾವಿದೆಯನ್ನು ಹೊರಗಿಟ್ಟ ಸಮಾಜಕ್ಕೆ ಶತಮಾನಗಳ ಹಿಂದೆಯೇ ಶೂದ್ರಕನು ನೀಡಿದ ಉತ್ತರವಿದು. ಅದೇ ಕಥೆಯ ಚಿತ್ರದಲ್ಲಿ, ನಟಿಯರನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಕಮಲಾದೇವಿ ಹಾಗೂ ಏಣಾಕ್ಷಿಯವರಂತಹ ವಿದ್ಯಾವಂತ ಮಹಿಳೆಯರು ಪಾತ್ರ ವಹಿಸಿದುದು ಚಿತ್ರದಷ್ಟೇ ಮಹತ್ವದ ಸಂಗತಿ.

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಬಿಡುಗಡೆಯಾಯಿತು. 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡಿತು. ಅದರಲ್ಲಿ ಸುಬ್ಬಯ್ಯನಾಯ್ಡು ಅವರೊಡನೆ ತ್ರಿಪುರಾಂಬಾ ಅವರು ನಾಯಕಿಯಾಗಿದ್ದರು. ಮೂಕಚಿತ್ರಗಳ ಯುಗ ಅಲ್ಲಿಗೆ ಕೊನೆಗೊಂಡಿತು. ಅಂದಿನ ಫಿಲಂ ಬೇಗನೆ ಬೆಂಕಿ ಹೊತ್ತುವ, ಕಾಲಕ್ರಮದಲ್ಲಿ ಶಿಥಿಲವಾಗುವ ವಸ್ತುವಿನಿಂದ ತಯಾರಾಗುತ್ತಿದ್ದುದರಿಂದ, ದೇಶದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳಲ್ಲಿ ಉಳಿದಿರುವುದು ಅತ್ಯಲ್ಪ. ಆ ಕಾಲದ ನಟಿಯರ ಶ್ರಮಕ್ಕೆ ಬಹುಪಾಲು ದಾಖಲೆಯೇ ಇಲ್ಲವೆಂಬುದು ವಿಷಾದದ ಸಂಗತಿ.

ಸ್ವಾತಂತ್ರ್ಯ ಹೋರಾಟ ಮತ್ತು ಮಹಿಳಾ ಸಂಘಟನೆ

ಕಮಲಾದೇವಿಯವರು ರಂಗಭೂಮಿಯೊಂದಿಗೆ ಸಾರ್ವಜನಿಕ ಸೇವೆಯಲ್ಲಿಯೂ ತೊಡಗಿದರು. ಡಾ. ನಾ.ಸು. ಹರ್ಡೀಕರ್ ಅವರು 1923ರಲ್ಲಿ ಸ್ಥಾಪಿಸಿದ ಸೇವಾದಳದಲ್ಲಿ ದುಡಿದು, ಮಹಿಳಾ ಸ್ವಯಂಸೇವಕರನ್ನು ಸಂಘಟಿಸಿದರು. 1926ರಲ್ಲಿ ಶ್ರೀಮತಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಮದರಾಸು ಶಾಸನ ಪರಿಷತ್ತಿನ ಚುನಾವಣೆಗೆ ಸ್ಪರ್ಧಿಸಿದರು. ಪ್ರಚಾರಕ್ಕೆ ಕೆಲವೇ ದಿನಗಳು ದೊರೆತರೂ ಅವರು ಸೋತುದು ಅತ್ಯಲ್ಪ ಮತಗಳ ಅಂತರದಿಂದ. ಶಾಸನಸಭೆಯ ಚುನಾವಣೆಯಲ್ಲಿ ಸ್ಪರ್ಧಿಸಿದ ದೇಶದ ಮೊದಲ ಮಹಿಳೆಯೆಂಬ ಹೆಗ್ಗಳಿಕೆ ಅವರಿಗೆ ಸಲ್ಲುತ್ತದೆ.

1927ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾಗಿ ಅವರು ದೇಶಾದ್ಯಂತ ಸಂಚರಿಸಿದರು. ಬಾಲ್ಯವಿವಾಹವನ್ನು ನಿರ್ಬಂಧಿಸುವ 1929ರ ಶಾರದಾ ಕಾಯಿದೆಗೆ ಈ ಸಂಸ್ಥೆಯು ಜನಾಭಿಪ್ರಾಯ ರೂಪಿಸಿತು. ಹದಿನಾಲ್ಕರಲ್ಲಿ ಮದುವೆಯಾಗಿ ಹದಿನಾರರಲ್ಲಿ ವಿಧವೆಯಾದವರಿಗೆ ಈ ಕಾಯಿದೆಯ ಅಗತ್ಯವನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

1930ರಲ್ಲಿ ಮಹಾತ್ಮ ಗಾಂಧೀಜಿಯವರು ಕೈಗೊಂಡ ದಂಡಿಯಾತ್ರೆಯ ತಂಡದಲ್ಲಿ ಮಹಿಳೆಯರಿಗೆ ಸ್ಥಾನವಿರಲಿಲ್ಲ. ಉಪ್ಪು ಪ್ರತಿ ಮನೆಯ ಅಡುಗೆಯ ವಸ್ತುವಾಗಿರುವಾಗ ಅದರ ಹೋರಾಟದಿಂದ ಗೃಹಿಣಿಯರನ್ನು ಹೊರಗಿಡುವುದು ಕಮಲಾದೇವಿಯವರಿಗೆ ಸರಿಕಾಣಲಿಲ್ಲ. ಅವರು ಗಾಂಧೀಜಿಯವರನ್ನು ಭೇಟಿಯಾಗಿ, ಸತ್ಯಾಗ್ರಹದಲ್ಲಿ ಮಹಿಳೆಯರೂ ಭಾಗವಹಿಸಲು ಒಪ್ಪಿಗೆ ಪಡೆದರು. ಮುಂಬಯಿಯ ಕಡಲತೀರದಲ್ಲಿ ಕಾನೂನು ಮುರಿದು ಉಪ್ಪು ತಯಾರಿಸಿದವರ ಮುಂಚೂಣಿಯಲ್ಲಿ ಅವರಿದ್ದರು. ಆ ಉಪ್ಪಿನ ಪೊಟ್ಟಣಗಳನ್ನು ಮುಂಬಯಿ ಷೇರು ವಿನಿಮಯ ಕೇಂದ್ರದ ಒಳಗೇ ಕೊಂಡೊಯ್ದು ಮಾರಾಟ ಮಾಡಿದರು. ಬಂಧನವೂ ಆಯಿತು. ಮುಂದೆಯೂ ಅವರು ಹಲವು ಬಾರಿ ಸೆರೆವಾಸ ಅನುಭವಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

1941ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಪ್ರವಾಸ ಮಾಡುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ರೈಲು ಬೋಗಿಯಿಂದ ಏಳುವಂತೆ ಸಿಬ್ಬಂದಿಯು ಸೂಚಿಸಿದಾಗ ಅವರು ನಿರಾಕರಿಸಿದರು. ವಿದೇಶೀಯಳೆಂದು ಹೇಳಿಕೊಂಡಿದ್ದರೆ ರಿಯಾಯಿತಿ ದೊರೆಯಬಹುದಿತ್ತು. ಆದರೆ ತಾವೂ ಕಪ್ಪುವರ್ಣದ ಮಹಿಳೆಯೇ ಎಂದು ಸ್ಪಷ್ಟಪಡಿಸಿ, ಅಲ್ಲಿಯೇ ಕುಳಿತು ಪ್ರಯಾಣ ಮುಂದುವರಿಸಿದರು.

ನಿರಾಶ್ರಿತರ ಪುನರ್ವಸತಿ

ದೇಶ ವಿಭಜನೆಯ ನಂತರ ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡು ದೆಹಲಿಯ ಸುತ್ತಮುತ್ತ ಶಿಬಿರಗಳಲ್ಲಿ ನೆಲೆಸಿದ್ದರು. ಕಮಲಾದೇವಿಯವರು ಅಧಿಕಾರದ ರಾಜಕಾರಣದಿಂದ ದೂರ ಸರಿದು, ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿ ನಿರಾಶ್ರಿತರ ಸೇವೆಗೆ ನಿಂತರು. ದಾನ ಪಡೆದು ಬದುಕುವುದಕ್ಕಿಂತ ದುಡಿಮೆಯ ಪಾಲುದಾರರಾಗಿ ಬದುಕುವುದು ನಿರಾಶ್ರಿತರ ಆತ್ಮಗೌರವಕ್ಕೆ ತಕ್ಕುದೆಂಬುದು ಅವರ ನಿಲುವಾಗಿತ್ತು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ನಿರಾಶ್ರಿತರಿಗಾಗಿ ಫರೀದಾಬಾದ್ ಪಟ್ಟಣವು ನಿರ್ಮಾಣವಾದಾಗ ಅವರ ಸಹಕಾರಿ ಪ್ರಯತ್ನವೂ ಅದರಲ್ಲಿ ಸೇರಿತ್ತು. ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡು, ಹೊಸ ಕಸುಬುಗಳನ್ನು ಕಲಿತು ಆ ಜನರು ನೆಲೆ ಕಂಡುಕೊಂಡರು.

ಕರಕುಶಲ ಕಲೆಗಳ ಪುನರುಜ್ಜೀವನ

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ಸ್ಥಾಪನೆಯಾದಾಗ ಕಮಲಾದೇವಿಯವರು ಅದರ ಅಧ್ಯಕ್ಷರಾದರು. ಯಂತ್ರೋದ್ಯಮದ ಬೆಳವಣಿಗೆಯೇ ದೇಶದ ಮುಖ್ಯ ಗುರಿಯಾಗಿದ್ದ ಕಾಲವದು. ನಮ್ಮ ಭದ್ರಾವತಿಯಲ್ಲಿ 1923ರಲ್ಲಿಯೇ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತ್ತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಗಿ ಕಾಗದನಗರವು ಬೆಳೆದಿತ್ತು. ಇಂತಹ ಕಾರ್ಖಾನೆಗಳು ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿದವು. ಅದೇ ಜಿಲ್ಲೆಯ ಸಾಗರ ಮತ್ತು ಸೊರಬಗಳಲ್ಲಿ ಗುಡಿಗಾರ ಕುಟುಂಬಗಳು ತಲೆಮಾರುಗಳಿಂದ ಶ್ರೀಗಂಧದ ಕೆತ್ತನೆಯನ್ನು ಉಳಿಸಿಕೊಂಡು ಬಂದಿದ್ದವು. ಯಂತ್ರದ ಯುಗದಲ್ಲಿ ಇಂತಹ ಕೈಗಳಿಗೆ ಕೆಲಸವೆಲ್ಲಿ, ಮಾರುಕಟ್ಟೆಯೆಲ್ಲಿ ಎಂಬ ಪ್ರಶ್ನೆ ದೇಶದ ಎಲ್ಲ ಭಾಗಗಳಲ್ಲಿಯೂ ಇತ್ತು.

ಕಮಲಾದೇವಿಯವರು ಈ ಪ್ರಶ್ನೆಗೆ ಕಚೇರಿಯಲ್ಲಿ ಕುಳಿತು ಉತ್ತರ ಹುಡುಕಲಿಲ್ಲ. ಹಳ್ಳಿಹಳ್ಳಿಗೆ ತೆರಳಿ, ಕುಶಲಕರ್ಮಿಗಳ ಮನೆಯಂಗಳದಲ್ಲಿ ಕುಳಿತು, ಅವರು ಬಳಸುವ ಕಚ್ಚಾವಸ್ತು, ತಗಲುವ ದಿನಗಳು ಹಾಗೂ ಕೈಗೆ ಸೇರುವ ಆದಾಯವನ್ನು ವಿಚಾರಿಸಿ ತಿಳಿದರು. ವಸ್ತುವನ್ನು ತಯಾರಿಸಿದವನಿಗಿಂತ ಮಧ್ಯವರ್ತಿಗೆ ಹೆಚ್ಚಿನ ಲಾಭ ಸೇರುತ್ತಿದ್ದುದನ್ನು ಗುರುತಿಸಿ, ಸಹಕಾರ ಸಂಘಗಳು ಹಾಗೂ ಎಂಪೋರಿಯಂಗಳ ಮೂಲಕ ನೇರ ಮಾರಾಟಕ್ಕೆ ವ್ಯವಸ್ಥೆ ಮಾಡಿಸಿದರು. ದೆಹಲಿಯ ಕೇಂದ್ರೀಯ ಗುಡಿ ಕೈಗಾರಿಕೆಗಳ ಎಂಪೋರಿಯಂ ಬೆಳೆದುದು ಅವರ ಮಾರ್ಗದರ್ಶನದಲ್ಲಿ. ಅಳಿವಿನ ಅಂಚಿನಲ್ಲಿದ್ದ ಶ್ರೀಕಾಳಹಸ್ತಿಯ ಕಲಂಕಾರಿ ಹಾಗೂ ಜೈಪುರದ ನೀಲಿ ಕುಂಬಾರಿಕೆಯಂತಹ ಕಲೆಗಳಿಗೆ ಮರುಜೀವ ದೊರೆಯಿತು. 1964ರಲ್ಲಿ ಭಾರತೀಯ ಕರಕುಶಲ ಪರಿಷತ್ತಿನ ಸ್ಥಾಪನೆಗೆ ಅವರು ಕಾರಣರಾದರು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿಯು 1965ರಲ್ಲಿ ಆರಂಭವಾಯಿತು. ಅದುವರೆಗೆ ಹೆಸರಿಲ್ಲದೆ ದುಡಿಯುತ್ತಿದ್ದ ಶಿಲ್ಪಿ, ನೇಕಾರ, ಕುಂಬಾರರು ತಮ್ಮ ಹೆಸರಿನಲ್ಲಿಯೇ ದೇಶದ ಗೌರವ ಪಡೆಯುವಂತಾಯಿತು.

ರಂಗ ಶಿಕ್ಷಣಕ್ಕೆ ಕೊಡುಗೆ

ಆಡಳಿತದ ಹೊಣೆಗಳ ನಡುವೆಯೂ ಅವರು ರಂಗಭೂಮಿಯನ್ನು ಮರೆಯಲಿಲ್ಲ. 1944ರಲ್ಲಿ ಆರಂಭವಾದ ಇಂಡಿಯನ್ ನ್ಯಾಷನಲ್ ಥಿಯೇಟರ್ ಹಾಗೂ ನಂತರದ ಭಾರತೀಯ ನಾಟ್ಯ ಸಂಘವನ್ನು ಕಟ್ಟುವಲ್ಲಿ ಅವರ ಪಾತ್ರ ಪ್ರಮುಖವಾದುದು. ನಾಟ್ಯ ಸಂಘವು ಯುನೆಸ್ಕೊ ನೆರವಿನಿಂದ 1958ರಲ್ಲಿ ಆರಂಭಿಸಿದ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿಲೀನವಾಯಿತು. ದಕ್ಷಿಣ ಕನ್ನಡದ ಬಿ.ವಿ. ಕಾರಂತರು ಆ ಶಾಲೆಯಲ್ಲಿಯೇ ಕಲಿತು, 1977ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. ಸಂಘದ ಆಶ್ರಯದಲ್ಲಿ 1964ರಲ್ಲಿ ಆರಂಭವಾದ ಕಥಕ್ ಮತ್ತು ನೃತ್ಯ ಸಂಯೋಜನೆಯ ನಾಟ್ಯ ಸಂಸ್ಥೆಯು ಡಾ. ಮಾಯಾರಾವ್ ಅವರ ನೇತೃತ್ವದಲ್ಲಿ ಬೆಳೆದು ಮುಂದೆ ಬೆಂಗಳೂರಿಗೆ ಬಂದಿತು.

ಪ್ರಶಸ್ತಿ ಮತ್ತು ಗೌರವಗಳು

1955: ಪದ್ಮಭೂಷಣ
1966: ಸಮುದಾಯ ನಾಯಕತ್ವಕ್ಕಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ
1974: ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್
1987: ಪದ್ಮವಿಭೂಷಣ

ಇವುಗಳಲ್ಲದೆ ಶಾಂತಿನಿಕೇತನದ ವಿಶ್ವಭಾರತಿಯು ದೇಶಿಕೋತ್ತಮ ಪದವಿ ನೀಡಿ ಅವರನ್ನು ಗೌರವಿಸಿತು. ಕೇಂದ್ರ ಜವಳಿ ಸಚಿವಾಲಯವು ಮಹಿಳಾ ನೇಕಾರರು ಹಾಗೂ ಕುಶಲಕರ್ಮಿಗಳಿಗಾಗಿ 2017ರಲ್ಲಿ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಪ್ರಕಟಿಸಿತು.

ಉಪಸಂಹಾರ

ಕಮಲಾದೇವಿಯವರ ಆತ್ಮಕಥನವು 1986ರಲ್ಲಿ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು, 85ನೆಯ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯು ಅವರಿಗೆ ಸಂದ 25 ವರ್ಷಗಳ ತರುವಾಯ, 1991ರಲ್ಲಿ, ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಲಭಿಸಿತು. 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದ ಮೇಲೆ ಹಳ್ಳಿಗಳ ಹೆಣ್ಣುಮಕ್ಕಳೂ ಅಲ್ಲಿ ಅಭಿನಯವನ್ನು ಒಂದು ವಿದ್ಯೆಯಾಗಿ ಕಲಿತರು. ತಂದೆತಾಯಿಯರೇ ಮಗಳನ್ನು ರಂಗಶಿಕ್ಷಣಕ್ಕೆ ಕಳುಹಿಸುವುದು ಇಂದು ಆಶ್ಚರ್ಯದ ಮಾತಲ್ಲ. ಒಂದು ಶತಮಾನದ ಹಿಂದೆ ಇದು ಊಹಿಸಲೂ ಆಗದ ಸಂಗತಿಯಾಗಿತ್ತು.

ನಟಿ, ನೇಕಾರ, ಕುಂಬಾರ, ಗುಡಿಗಾರ ಎಂಬ ಪದಗಳನ್ನು ಸಂಕೋಚವಿಲ್ಲದೆ ಬರೆಯಬಹುದಾದ ದಿನಗಳು ಬಂದುದರ ಹಿಂದೆ ಕಮಲಾದೇವಿಯವರಂತಹವರ ಪರಿಶ್ರಮವಿದೆ. ಕುಶಲಕರ್ಮಿಗಳು, ಕಲಾವಿದರು ಹಾಗೂ ಅವರ ಕುಟುಂಬದವರು ಅರ್ಜಿಯ ವೃತ್ತಿಯ ಅಂಕಣವನ್ನು ಖಾಲಿ ಬಿಡದೆ, ಕೂಲಿ ಎಂದಷ್ಟೇ ಬರೆದು ಮುಗಿಸದೆ, ತಮ್ಮ ಕಸುಬಿನ ನಿಜವಾದ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಆ ಹೆಸರಿಗೆ ಗೌರವ ತರಲು ಒಬ್ಬರು ಜೀವಮಾನವಿಡೀ ದುಡಿದಿದ್ದಾರೆ.